ಯಂತ್ರದ ಕಣ್ಣಿಗೆ ಕೊಟ್ರೇಶನ ಪಾಠ

ಭುಜವಿದೆ, ಮೊಣಕೈಯಿದೆ, ಮಣಿಕಟ್ಟಿದೆ, ತಲೆಯಿಲ್ಲ. ಪುಣೆಯ ಭೋಸರಿಯಲ್ಲಿರುವ ನಮ್ಮ ಕಾರ್ಖಾನೆಗೆ ಆ ಕಿತ್ತಳೆ ಬಣ್ಣದ ರೋಬೋಟ್ ತೋಳು ಬಂದ ದಿನ, ಸೇನೆಯ ವರ್ಕ್‌ಶಾಪಿನಲ್ಲೇ ಆಯುಷ್ಯ ಸವೆಸಿದ ನಾನೂ ಹಿಂದೆ ಸರಿದು ನಿಂತೆ.

ನಾನು ಹರಪನಹಳ್ಳಿಯವನು. ನಿವೃತ್ತನಾದ ಮೇಲೆ ಇಲ್ಲಿ ಮೇಲ್ವಿಚಾರಕನಾಗಿ ಸೇರಿದೆ. ವಾಸ ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ವಠಾರದಲ್ಲಿ. ಎಲ್ಲರಿಗೂ ಅಂಗಳದಲ್ಲಿ ಒಂದೇ ನಲ್ಲಿ. ಐದಕ್ಕೆ ಏಳುವವನಿಗೆ ಅದರ ಜಗಳ ತಟ್ಟುವುದಿಲ್ಲ. ಇಲ್ಲಿಯವರು ಭಾಕರಿ ಎನ್ನುವುದು ನಮ್ಮ ಜೋಳದ ರೊಟ್ಟಿಯೇ. ಪಲ್ಯಕ್ಕೆ ಬೆಲ್ಲ ಹಾಕುವುದನ್ನು ಮಾತ್ರ ನಾನಿನ್ನೂ ಒಪ್ಪಿಲ್ಲ. ಮರಾಠಿಯನ್ನು ತರಕಾರಿ ಕೊಳ್ಳುತ್ತ ಕಲಿತೆ. ಆದರೆ ಊಟದ ಬಿಡುವಿನಲ್ಲಿ ನನ್ನೊಡನೆ ಕನ್ನಡ ಮಾತಾಡುವವನು ಒಬ್ಬನೇ, ಕೊಟ್ಟೂರಿನ ಕೊಟ್ರೇಶ. ಎರಕದ ಬಿಡಿಭಾಗಗಳನ್ನು ಯಂತ್ರಕ್ಕೆ ಎತ್ತಿಡುವ ಹಂಗಾಮಿ ಕೆಲಸಗಾರ.

ನಮ್ಮ ಕಡೆಯ ಹಗರಿಬೊಮ್ಮನಹಳ್ಳಿಯಂಥ ಊರುಗಳಲ್ಲಿ ಕಬ್ಬಿಣ ಕಡೆಯುವ ಲೇಥ್ ಅಂಗಡಿಯನ್ನು ನೀವು ಕಂಡಿರಬಹುದು. ಪಂಪ್‌ಸೆಟ್ಟಿನ ಶಾಫ್ಟು ಮುಗಿಸಿ ಟ್ರ್ಯಾಕ್ಟರಿನ ಬುಶ್ ಹಿಡಿಯಬೇಕೆಂದರೆ ಎಲ್ಲ ಬಿಚ್ಚಿ ಮತ್ತೆ ಜೋಡಿಸಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಬುಟ್ಟಿಯಲ್ಲಿ ಯಾವ ಭಾಗ ಬಂದರೂ ಕ್ಯಾಮೆರಾ ಗುರುತಿಸುತ್ತದೆ, ತೋಳು ಎತ್ತಿಡುತ್ತದೆ, ಯಂತ್ರ ತಾನೇ ಉಪಕರಣ ಬದಲಿಸಿಕೊಳ್ಳುತ್ತದೆ. ಗುರುತಿಸುವುದನ್ನು ಮಾತ್ರ ಕಲಿಸಬೇಕು. ಒಂದೊಂದೇ ಭಾಗ ತೋರಿಸುತ್ತ ಹೋದರೆ ಕಂಪ್ಯೂಟರ್ ನೋಡಿ ನೋಡಿ ಕಲಿಯುತ್ತದೆ.

ತೋಳು ಬಂತೆಂದರೆ ಎತ್ತಿಡುವವರಿಗೆ ಕೆಲಸವಿಲ್ಲ. ಅವರಲ್ಲಿ ಒಬ್ಬನನ್ನು ತೋಳು ನೋಡಿಕೊಳ್ಳಲು ಕಾಯಂ ಮಾಡುವುದಾಗಿ ಮ್ಯಾನೇಜರ್ ಹೇಳಿದರು. ನಾನು ಕೊಟ್ರೇಶನ ಹೆಸರು ಕೊಟ್ಟೆ. ಅವನು ಕಲಿಸಿದ ತೋಳು ಪರೀಕ್ಷೆಯಲ್ಲಿ ಗೆದ್ದರೆ ಅವನು ಉಳಿಯುತ್ತಾನೆ. ಸೋತರೆ ಹೊರಗಿನಿಂದ ಬೇರೆಯವರನ್ನು ಕರೆಸುತ್ತಾರೆ. ಅವನೋ ಹೆಂಡತಿ ಮಕ್ಕಳನ್ನು ಆಗಲೇ ಕರೆತಂದು, ಮಕ್ಕಳನ್ನು ಮರಾಠಿ ಶಾಲೆಗೆ ಸೇರಿಸಿದ್ದ.

ಪಾಠ ಮುಗಿಯಿತು. ಪರೀಕ್ಷೆಯ ದಿನ ಬುಟ್ಟಿ ಬಂತು. ತೋಳು ಅದರ ಮೇಲೆ ಬಾಗಿ, ಹಾಗೇ ನಿಂತುಬಿಟ್ಟಿತು. ಒಂದನ್ನೂ ಎತ್ತಲಿಲ್ಲ.

ಎಂಜಿನಿಯರ್ ಮೇಧಾ ಎಂಬ ಹುಡುಗಿ ಕಂಪ್ಯೂಟರಿನಲ್ಲಿದ್ದ ಪಾಠದ ಚಿತ್ರಗಳನ್ನು ತೆಗೆದು ನೋಡಿ, ಇವು ಮದುವೆಗೆ ಹೊರಟಂತಿವೆಯಲ್ಲ ಎಂದು ನಕ್ಕಳು. ಕೊಟ್ರೇಶ ಪ್ರತಿ ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮುಖ ಮೇಲೆ ಮಾಡಿ ಇಟ್ಟು ತೋರಿಸಿದ್ದ. ಬುಟ್ಟಿಯಲ್ಲಿ ಬಂದವು ಎಣ್ಣೆ, ಮರಳು ಮೆತ್ತಿಕೊಂಡು ಒಂದರ ಮೇಲೊಂದು ಬಿದ್ದಿದ್ದವು. ತೋಳಿಗೆ ಅವು ಅಪರಿಚಿತ.

“ಕಲ್ಸೋ ದಿನ ಹೊಲಸು ಇಡ್ತಾರೇನ್ರಿ ಹವಾಲ್ದಾರ್ರೆ?” ಎಂದ ಕೊಟ್ರೇಶ. “ಹುಡುಗ್ರಿಗೆ ಅಕ್ಷರ ತಿದ್ಸೋವಾಗ ಅಕ್ಕಿ ಆರ್ಸೇ ಹರಡ್ತೀವಲ್ಲ.”

ಅದನ್ನು ಮರಾಠಿಗೆ ತಿರುಗಿಸಿ ಹೇಳಿದೆ. ಮೇಧಾ ನಗು ನಿಲ್ಲಿಸಿದಳು. ಮ್ಯಾನೇಜರ್ ಬಳಿ ಹೋಗಿ ಇನ್ನೊಂದು ಪರೀಕ್ಷೆ ಕೇಳಿ ತಂದಳು.

ಮರುಪಾಠಕ್ಕೆ ನಾನೂ ಕುಳಿತೆ. ಇದ್ದ ಹಾಗೇ ಇಡು, ಕೊಳೆಯಾದದ್ದು, ಬೋರಲು ಬಿದ್ದದ್ದು, ಅರ್ಧ ಮರೆಯಾದದ್ದು ಎಲ್ಲ ಇರಲಿ ಎಂದು ಮೇಧಾ ಹೇಳಿದ್ದಳು. ಅಡ್ಡಾದಿಡ್ಡಿ ಬಿದ್ದುದನ್ನು ಸುಮ್ಮನೆ ನೋಡುತ್ತ ಕೂರುವುದು ನನಗೆ ಪರೇಡಿಗಿಂತ ಕಷ್ಟವಾಯಿತು. ಒಮ್ಮೆ ಕೈ ತಾನಾಗಿ ಒಂದನ್ನು ನೆಟ್ಟಗೆ ಮಾಡಲು ಹೋಯಿತು.

“ಕೈ ಹಿಂದಕ ಕಟ್ಕೊಂಡು ಕುಂದರ್ರಿ ನೀವು,” ಎಂದು ಕೊಟ್ರೇಶ ಗದರಿದ.

ಎರಡನೇ ಪರೀಕ್ಷೆಯಲ್ಲಿ ತೋಳು ಬುಟ್ಟಿ ಖಾಲಿ ಮಾಡಿತು. ಕೊಟ್ರೇಶ ಕಾಯಂ ಆದ.

ಸಂಜೆ ಗೇಟಿನ ಹೊರಗೆ ನಿಂತು ಮೊಬೈಲಿನಿಂದ ಕೊಟ್ಟೂರಿಗೆ ಫೋನ್ ಮಾಡಿದ. ಅವನ ಅಣ್ಣನ ದನಿ ಪಕ್ಕದಲ್ಲಿ ನಿಂತ ನನಗೂ ಕೇಳುತ್ತಿತ್ತು. ಸುದ್ದಿ ಕೇಳಿ ಹಿಗ್ಗಿದ ಅಣ್ಣ, ಅದೇ ಉಸಿರಿನಲ್ಲಿ ಕೇಳಿದ: “ಹಂಗಾರ ನಿನ್ನ ಪಾಲಿನ ಹೊಲಾನೂ ಈ ಸಲ ನಾನ ಬಿತ್ಲೇನು?”

ಕೊಟ್ರೇಶ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. ನಂತರ, “ಬಿತ್ತಣ್ಣ,” ಎಂದ.

ನಾನು ಸೇನೆಗೆ ಸೇರಿದಾಗ ನಮ್ಮಣ್ಣನೂ ಇದನ್ನೇ ಕೇಳಿದ್ದ, ನಾನೂ ಇದನ್ನೇ ಹೇಳಿದ್ದೆ. ಆಮೇಲೆ ಊರಿಂದ ಬಂದ ಜೋಳವನ್ನು ನಮ್ಮ ಜೋಳ ಎನ್ನದೆ ಅಣ್ಣನ ಜೋಳ ಎನ್ನುವುದು ರೂಢಿಯಾಯಿತು. ಅದನ್ನು ಕೊಟ್ರೇಶನಿಗೆ ಹೇಳಲಿಲ್ಲ. ಚಹಾ ಕುಡಿಯೋಣ ಬಾ ಎಂದು ಹೊರಡಿಸಿದೆ. ಅವನು ರಸ್ತೆಯ ನಡುವೆಯೇ ನಿಂತ.

“ಮಳಿ ಆಗೈತೇನಂತ ಕೇಳೋದ ಮರ್ತೆ. ತಡೀರಿ.”

ರಸ್ತೆ ಬದಿಗೆ ಸರಿದು ಮತ್ತೆ ಅಣ್ಣನಿಗೆ ಫೋನ್ ಹಚ್ಚಿದ. ನಾನು ಅವನ ಪಕ್ಕದಲ್ಲಿ ನಿಂತು ಉತ್ತರಕ್ಕೆ ಕಿವಿಗೊಟ್ಟೆ.