ಕೇಳಿ ನೋಡುವ ಟಿವಿ

ನಮ್ಮ ಮನೆಯ ಟಿವಿಯ ಬೆನ್ನಿನಲ್ಲಿ ಮೂರು ತೂತುಗಳಿವೆ, ಒಂದು ಕೆಂಪು, ಒಂದು ಬಿಳಿ, ಒಂದು ಹಳದಿ. ಹನ್ನೆರಡು ವರ್ಷಗಳ ಹಿಂದೆ ಅದನ್ನು ಮನೆಗೆ ತಂದ ದಿನ ನನ್ನ ಹೆಂಡತಿ ಮಹಾನಂದಾ ಅದನ್ನು ತಿರುಗಿಸಿ ನೋಡಿ, 'ಕುಂಕುಮ, ವಿಭೂತಿ, ಅರಿಶಿಣ ಎಲ್ಲಾ ಅಂಗಡ್ಯಾಂವನೇ ಹಚ್ಚಿ ಕಳಿಸ್ಯಾನ, ಇನ್ನ ನಾ ಏನು ಪೂಜಿ ಮಾಡಲಿ?' ಅಂದಿದ್ದಳು. ಅದಾದ ಮೇಲೆ ಆ ಬೆನ್ನನ್ನು ನಾನು ಕಂಡಿರಲಿಲ್ಲ. ಮುಖದಲ್ಲಿ ಚಿತ್ರ ಸರಿಯಾಗಿ ಮೂಡುತ್ತಿರುವವರೆಗೆ ಟಿವಿಯ ಬೆನ್ನು ಯಾರಿಗೆ ಬೇಕು? ಈ ಚಳಿಗಾಲದಲ್ಲಿ ಮಾತ್ರ ಮೂರು ವಾರಗಳ ಕಾಲ, ಕೈಯಲ್ಲಿ ಬ್ಯಾಟರಿ ಹಿಡಿದು, ಗೋಡೆಗೂ ಟಿವಿಗೂ ನಡುವಿನ ಗೇಣು ಜಾಗದಲ್ಲಿ ತಲೆ ತೂರಿಸಿಕೊಂಡು ಆ ಮೂರು ತೂತುಗಳನ್ನು ಎಷ್ಟು ಸಲ ದರ್ಶನ ಮಾಡಿದೆನೆಂದರೆ, ಅಷ್ಟು ಭಕ್ತಿಯಿಂದ ದೇವರ ಜಗುಲಿಯ ಮುಂದೆ ಕೂತಿದ್ದರೆ ಇಷ್ಟರಲ್ಲಿ ಏನಾದರೂ ಫಲ ಸಿಗುತ್ತಿತ್ತು.

ನಾನು ಸ್ವಭಾವತಃ ಚಿಂತೆಯ ಮನುಷ್ಯ. ವಾಡಿಯಲ್ಲಿ ಮನೆ, ಶಹಾಬಾದಿನ ಹೈಸ್ಕೂಲೊಂದರಲ್ಲಿ ಗುಮಾಸ್ತನ ಕೆಲಸ. ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ಗ್ಯಾಸ್ ಆರಿಸಿದೆವೋ ಇಲ್ಲವೋ ಎಂಬ ಅನುಮಾನದಲ್ಲಿ ಸ್ಟೇಷನ್ನಿನಿಂದ ಮನೆಗೆ ಮರಳಿ, ಆರಿರುವ ಗ್ಯಾಸನ್ನು ಕಣ್ಣಾರೆ ಕಂಡು, ಗಾಡಿ ತಪ್ಪಿಸಿಕೊಂಡು, ಹೆಡ್‌ಮಾಸ್ತರರ ಮುಂದೆ ತಲೆ ತಗ್ಗಿಸಿ ನಿಂತ ದಿನಗಳು ನನ್ನ ಲೆಕ್ಕಕ್ಕೂ ಸಿಗದಷ್ಟಿವೆ. ಇಂಥವನ ಮನೆಯಲ್ಲಿ ಟಿವಿಯ ಧ್ವನಿ ಹೋದರೆ ಅದು ಬರೀ ಧ್ವನಿ ಹೋದ ಸಂಗತಿಯಾಗಿ ಉಳಿಯುವುದಿಲ್ಲ ಎಂಬುದನ್ನು ನೀವು ಈಗಾಗಲೇ ಊಹಿಸಿರಬಹುದು.

ಧ್ವನಿ ಹೋದದ್ದು ಪುಷ್ಯ ಮಾಸದ ಒಂದು ಭಾನುವಾರ ಮಧ್ಯಾಹ್ನ. ಟಿವಿಯ ಸ್ವಂತ ಬಾಯನ್ನು ನಾವು ಎಂದೋ ಮುಚ್ಚಿಸಿ, ಅದರ ಪರವಾಗಿ ಮಾತಾಡಲು ಒಂದು ಹೋಮ್ ಥಿಯೇಟರ್ ಇಟ್ಟಿದ್ದೆವು. ನಾಲ್ಕು ಮೂಲೆಗೆ ನಾಲ್ಕು ಸ್ಪೀಕರು, ಟಿವಿಯ ಕೆಳಗೊಂದು ಪುಟ್ಟ ಡಬ್ಬಿ, ನೆಲದ ಮೇಲೆ ಗುಡುಗುವ ಒಂದು ದೊಡ್ಡ ಡಬ್ಬಿ. ಅದು ಅಂದು ಸುಟ್ಟ ರಬ್ಬರಿನ ವಾಸನೆಯೊಂದನ್ನು ಬಿಟ್ಟು ಸುಮ್ಮನಾಯಿತು. ಚಿತ್ರ ಮಾತ್ರ ಝಗಝಗ ಅನ್ನುತ್ತಿತ್ತು. ನಾನು ರಿಮೋಟಿನ ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಿದ್ದೆ, ಮಹಾನಂದಾ ಕಿಟಕಿ ತೆರೆದು ವಾಸನೆ ಹೊರಗೆ ಕಳಿಸುತ್ತಿದ್ದಳು. ಅಷ್ಟರಲ್ಲಿ ಶರಣಮ್ಮತ್ತೆ ತನ್ನ ಕೋಣೆಯಿಂದ ಬಂದು, ಎಂದಿನಂತೆ ಗೋಡೆಗೆ ಬೆರಳು ತಾಗಿಸಿಕೊಂಡು ನಡೆದು, ಟಿವಿಯ ಎದುರಿಗಿನ ತನ್ನ ಕುರ್ಚಿಯಲ್ಲಿ ಕೂತು, ತುಸು ಹೊತ್ತು ಆ ಝಗಝಗಿಸುವ ಪರದೆಯತ್ತ ಮುಖ ಮಾಡಿ, ಕೇಳಿದಳು:

'ಕರೆಂಟ್ ಹೋಗ್ಯಾದೇನು?'

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಪರದೆಯ ಮೇಲೆ ಆಗ ಒಬ್ಬಾಕೆ ನಮ್ಮ ಬಾಗಿಲಿನಷ್ಟು ಅಗಲದ ಅಂಚಿನ ರೇಷ್ಮೆ ಸೀರೆ ಉಟ್ಟು ಅಳುತ್ತಿದ್ದಳು.

'ಹೌದ್ರಿ ಅತ್ತಿ, ಈಗರೇ ಹೋಯ್ತು,' ಎಂದಳು ಮಹಾನಂದಾ. ಹೇಳಿದ ಮಾತು ಪೂರ್ತಿ ಸುಳ್ಳಾಗಬಾರದೆಂದೋ ಏನೋ, ಮೆತ್ತಗೆ ಹೋಗಿ ಟಿವಿಯ ಬಟನ್ ಆರಿಸಿ ಬಂದಳು.

ಶರಣಮ್ಮತ್ತೆ ನನ್ನ ತಂದೆಯ ತಂಗಿ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು, ಮುಧೋಳದಲ್ಲಿ, ನಾಲವಾರದಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿ, ನಿವೃತ್ತಿಯ ಮೇಲೆ ನಮ್ಮ ಮನೆಗೆ ಬಂದವಳು. ಬೋರ್ಡಿನ ಮೇಲೆ ಬರೆಯುತ್ತಲೇ, ತಿರುಗಿ ನೋಡದೆ, 'ಹಿಂದಿನ ಬೆಂಚಿನಾಗ ಯಾರು ಹುಣಸೀಕಾಯಿ ತಿನ್ನಾಕತ್ತೀರಿ?' ಎಂದು ಕೇಳುತ್ತಿದ್ದಳಂತೆ. ಯಾರ ಕೈಯನ್ನೂ ಹಿಡಿಯದೆ ಬದುಕಿದ ಇಂಥ ಹೆಣ್ಣುಮಗಳಿಗೆ, ಕಣ್ಣು ಮಂಜಾಗುತ್ತಿದೆ ಎಂದು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವೆಂಬುದು ನಮಗೆ ಗೊತ್ತಿರಲಿಲ್ಲ. ಕಲಬುರಗಿಯ ಕಣ್ಣಿನ ದವಾಖಾನೆಗೆ ಹೋಗೋಣ ಎಂದು ನಾನು ದೀಪಾವಳಿಯಿಂದ ಹೇಳುತ್ತಲೇ ಇದ್ದೆ. 'ಚಾಳೀಸಿನ ನಂಬರ್ ಬದಲಿ ಆಗ್ಯಾದ, ಅಷ್ಟೇ, ನಿನಗೆಲ್ಲಾದಕ್ಕೂ ಚಿಂತಿ' ಎಂದು ಅವಳು ತಳ್ಳಿಹಾಕುತ್ತಲೇ ಇದ್ದಳು. ಕನ್ನಡಕದ ನಂಬರು ಬದಲಾಗಿರಬಹುದೆಂದು ನಾನೂ ನಂಬಿದ್ದೆ. ಟಿವಿ ಮೂಕವಾದ ಆ ಮಧ್ಯಾಹ್ನ ತಿಳಿಯಿತು, ಅವಳು ಎಷ್ಟೋ ತಿಂಗಳಿನಿಂದ ಟಿವಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಬೇಗ ತೋರಿಸಿದರೆ ಉಳಿದಷ್ಟು ದೃಷ್ಟಿಯನ್ನಾದರೂ ಉಳಿಸಬಹುದೇನೋ. ಆದರೆ ತಾನಾಗಿ ಒಪ್ಪದ ಹೊರತು ಈಕೆಯನ್ನು ದವಾಖಾನೆಯ ಮೆಟ್ಟಿಲು ಹತ್ತಿಸುವ ಗಂಡಸು ಚಿತ್ತಾಪುರ ತಾಲ್ಲೂಕಿನಲ್ಲಿಲ್ಲ, ನಾನಂತೂ ಅಲ್ಲವೇ ಅಲ್ಲ.

ಇಂಥ ಹೊತ್ತಿನಲ್ಲಿ ಚಿಂತೆಯ ಮನುಷ್ಯ ಏನು ಮಾಡುತ್ತಾನೆ? ದೊಡ್ಡ ಚಿಂತೆಯನ್ನು ಎತ್ತಲಾರದೆ, ಕೈಗೆಟಕುವ ಒಂದು ಸಣ್ಣ ಚಿಂತೆಯನ್ನು ಎತ್ತಿಕೊಳ್ಳುತ್ತಾನೆ. ಅತ್ತೆಯ ಕಣ್ಣಿನ ಬಗ್ಗೆ ಅವಳನ್ನು ಕೇಳಲಾರದ ನಾನು ಟಿವಿಯ ಧ್ವನಿಯ ಬಗ್ಗೆ ಊರನ್ನೆಲ್ಲ ಕೇಳತೊಡಗಿದೆ. ಮುಂಜಾನೆಯ ಗಾಡಿಯಲ್ಲಿ ಜೊತೆಗೆ ಬರುವ ಸಿಮೆಂಟ್ ಕಾರ್ಖಾನೆಯ ಫಿಟ್ಟರೊಬ್ಬರು, 'ಸರ್, ಟಿವಿನೇ ಬದಲಿ ಮಾಡ್ರಿ, ಈಗಿನವು ಗ್ವಾಡಿಯಷ್ಟು ದೊಡ್ಡವು ಬರ್ತಾವ, ಚಿತ್ರ ಭಾಳ ಛಲೋ ಕಾಣ್ತದ' ಎಂದರು. ಚಿತ್ರದ್ದಲ್ಲ ಸಮಸ್ಯೆ ಎಂದು ಹೇಳಹೋಗಿ, ಮುಂದಿನ ಪ್ರಶ್ನೆ ಬಂದೀತೆಂದು ಹೆದರಿ, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡೆ. ಟಿವಿಯ ಬಾಯನ್ನೇ ಮತ್ತೆ ತೆರೆಸಿದರಾಯಿತೆಂದು ಮೂರು ಸಂಜೆ ಹುಡುಕಿ ಆ ಗುಂಡಿಯನ್ನು ಪತ್ತೆಹಚ್ಚಿದೆ. ಧ್ವನಿ ಬಂತು, ತಗಡಿನ ಡಬ್ಬಿಯಲ್ಲಿ ಸಿಕ್ಕಿಬಿದ್ದ ಸೊಳ್ಳೆಯದು. ಇನ್ನು ಈಗಿನ ಕಾಲದ ಉದ್ದ ಪಟ್ಟಿಯಂಥ ಸೌಂಡ್‌ಬಾರ್‌ಗಳಿಗೆ ಚಪ್ಪಟೆ ಮೂತಿಯ ತಂತಿ ಬೇಕು. ನಮ್ಮ ಟಿವಿಗೆ ಚಪ್ಪಟೆ ತೂತು ಇದೆ, ಆದರೆ ಅದು ಹೊರಗಿನದನ್ನು ಒಳಗೆ ತೆಗೆದುಕೊಳ್ಳುತ್ತದೆಯೇ ಹೊರತು ತನ್ನದನ್ನು ಹೊರಗೆ ಕೊಡುವುದಿಲ್ಲ. ಕುಂಕುಮ, ವಿಭೂತಿ, ಅರಿಶಿಣದ್ದೂ ಅದೇ ಗುಣ. ಅರ್ಜಿ ತೆಗೆದುಕೊಂಡು ಉತ್ತರ ಕೊಡದ ಕಚೇರಿಗಳು ನನಗೆ ಹೊಸತಲ್ಲ, ಅಂಥದ್ದೊಂದರಲ್ಲಿ ನಾನೇ ಕೂತಿದ್ದೇನೆ. ಕೊನೆಗೆ ಉತ್ತರ ಕೊಡುವ ತೂತು ಒಂದೇ ಒಂದು ಸಿಕ್ಕಿತು, ಇಷ್ಟು ದಿನ ಸುಟ್ಟ ಹೋಮ್ ಥಿಯೇಟರಿನ ತಂತಿ ಮುಚ್ಚಿಟ್ಟಿದ್ದು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನಿಗೆಂದು ಬಿಟ್ಟಿದ್ದ ಹೆಸರುಕಾಳಿನಷ್ಟು ಸಣ್ಣದು.

ಆ ತೂತಿಗೆ ಹೊಂದುವ ತಂತಿಯನ್ನೂ, ಸೌಂಡ್‌ಬಾರ್ ಒಂದನ್ನೂ, ಅದರ ಜೊತೆಗಿನ ದೊಡ್ಡ ಗುಡುಗುಡಬ್ಬಿಯನ್ನೂ ಶಹಾಬಾದ್ ಬಜಾರಿನ ಸಲೀಂ ಭಾಯಿಯ ಅಂಗಡಿಯಿಂದ ತಂದೆ. 'ಕೇಳಿ ನೋಡ್ರಿ ಸರ್, ಏಕ್ ನಂಬರ್ ಮಾಲ್ ಅದರೀ' ಎಂದು ಅವರು ಡೋಲಿನ ಹಾಡೊಂದನ್ನು ಹಚ್ಚಿದಾಗ ನನ್ನ ಅಂಗಿಯ ಗುಂಡಿಗಳು ಅದುರಿದ್ದವು. ಅಂಗಡಿಯ ತುಂಬ ರಟ್ಟಿನ ಪೆಟ್ಟಿಗೆಗಳು, ಅವು ಗದ್ದಲವನ್ನೆಲ್ಲ ಕುಡಿದುಬಿಡುತ್ತಿದ್ದವು ಎಂಬುದು ಮನೆಗೆ ಬಂದ ಮೇಲೆ ಅರಿವಾಯಿತು. ನಮ್ಮ ಪಡಸಾಲೆಗೆ ಹಾಸಿದ್ದು ಇದೇ ಶಹಾಬಾದಿನ ಕಲ್ಲು, ಗೋಡೆಗಳು ಬೋಳು. ಸೀರಿಯಲ್ಲಿನ ಅತ್ತೆ ಬಾಗಿಲು ಹಾಕಿದರೆ ನಮ್ಮ ಅಡುಗೆಮನೆಯ ಸ್ಟೀಲ್ ಲೋಟಗಳು ಝಣಝಣ ಅಂದವು; ಸೊಸೆ ಮಾತಾಡತೊಡಗಿದರೆ ಅವಳ ಹಿಂದಿನ ಸಂಗೀತ ಅವಳ ಮೇಲೆ ಮಣ್ಣು ಸುರಿದು ಹೂತುಹಾಕಿತು. ಶರಣಮ್ಮತ್ತೆ ಹತ್ತು ನಿಮಿಷ ಕುರ್ಚಿಯ ತುದಿಯಲ್ಲಿ ಕತ್ತು ಮುಂದೆ ಚಾಚಿ ಕೂತು, 'ಛಲೋ ಅದ' ಅಂದಳು. ಆಮೇಲೆ, ಆಗಿನ್ನೂ ಸಂಜೆ ಆರೂವರೆ, 'ನನಗ ನಿದ್ದಿ ಬರಾಕತ್ಯಾದ' ಎಂದು ಎದ್ದು ಕೋಣೆಗೆ ಹೋದಳು. ಮರುದಿನವೂ ನಿದ್ದೆ ಬಂತು. ನಾಲ್ಕು ದಿನ ಆ ಕುರ್ಚಿಯ ಮೇಲೆ ನಮ್ಮ ಮನೆಯ ಒಗೆದ ಬಟ್ಟೆಗಳು ಕೂತವು.

ಮಿತ್ರರೇ, ಆ ನಾಲ್ಕು ದಿನ ನಾನು ನಮ್ಮ ಭಾಷೆಯ ಬಗ್ಗೆ ಯೋಚಿಸಿದೆ, ಗುಮಾಸ್ತನಾದವನು ಬೇರೆ ದಾರಿ ಕಾಣದಿದ್ದಾಗ ಮಾಡುವ ಕೆಲಸ ಅದು. ನಾವು ನೋಡುವುದು ಕಣ್ಣಿನಿಂದ ಮಾತ್ರವಲ್ಲವಲ್ಲ! ಸಾರಿನ ರುಚಿ ನೋಡುತ್ತೇವೆ, ಜ್ವರ ಬಂದವರ ಹಣೆ ಮುಟ್ಟಿ ನೋಡುತ್ತೇವೆ, ಕೆಟ್ಟಿದೆಯೇನೋ ಎಂದು ಹಾಲನ್ನು ಮೂಸಿ ನೋಡುತ್ತೇವೆ, ವೈದ್ಯರು ನಾಡಿ ನೋಡುತ್ತಾರೆ, ವರನ ಕಡೆಯವರು ಕಾದು ನೋಡುತ್ತಾರೆ. ನಾಲಗೆಗೆ, ಬೆರಳಿಗೆ, ಮೂಗಿಗೆ, ಸಹನೆಗೆ ಕೂಡ ಕನ್ನಡ ಒಂದೊಂದು ಕಣ್ಣು ಇಟ್ಟಿದೆ. ಅಂಗಡಿಯಲ್ಲಿ ಸಲೀಂ ಭಾಯಿ 'ಕೇಳಿ ನೋಡ್ರಿ' ಅಂದಾಗ ನಾನು ಅದನ್ನು ಬರೀ ವ್ಯಾಪಾರದ ಮಾತೆಂದುಕೊಂಡಿದ್ದೆ. ಕೇಳಿ ನೋಡುವವರು ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು. ಕೇಳುವುದೆಂದರೆ ಆಲಿಸುವುದೂ ಹೌದು, ಪ್ರಶ್ನಿಸುವುದೂ ಹೌದು; ಫಿಟ್ಟರನ್ನು ಕೇಳಿದ್ದೆ, ಹೆಡ್‌ಮಾಸ್ತರರನ್ನು ಕೇಳಿದ್ದೆ, ಮನೆಯಲ್ಲಿ ದಿನಾ ಆಲಿಸುವವಳನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಕೇಳಿದರೆ ಕಣ್ಣಿನ ಸಂಗತಿ ಬರುತ್ತದೆಂಬ ಅಂಜಿಕೆ. ಅವಳದು ಅಭಿಮಾನ ಎಂದು ನಾನು ಹೆಸರಿಟ್ಟಿದ್ದೆ, ನನ್ನದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಐದನೆಯ ದಿನ ಶನಿವಾರ, ಅರ್ಧ ದಿನದ ಶಾಲೆ. ಮುಂಜಾನೆ ಅವಳ ಕೋಣೆಯ ಬಾಗಿಲಲ್ಲಿ ನಿಂತು, 'ಅತ್ತಿ, ಆ ಡಬ್ಬಿ ಬದಲಿ ಮಾಡ್ಬೇಕಾಗ್ಯಾದ. ಮಧ್ಯಾಹ್ನ ಮಹಾನಂದಾನ ಜೋಡಿ ಶಹಾಬಾದಿಗೆ ಬಾ. ನೀನೇ ಒಂದ್ಸಲ ಕೇಳಿ ನೋಡು,' ಎಂದೆ.

ಅವಳು ಎದ್ದು ಟ್ರಂಕಿನ ಮುಚ್ಚಳ ತೆಗೆದಳು. ಆಮೇಲೆ, 'ಯಾವ ಸೀರಿ ಉಡಲಿ?' ಎಂದಳು.

ಸಲೀಂ ಭಾಯಿ, 'ಬರ್ರಿ ಅಮ್ಮಾ, ಕುಂದ್ರಿ' ಎಂದು ಸ್ಟೂಲು ಒರೆಸಿಕೊಟ್ಟು, ಅಭ್ಯಾಸಬಲದಿಂದ ಅದೇ ಡೋಲಿನ ಹಾಡು ಹಚ್ಚಿದರು.

'ಹಾಡು ಬ್ಯಾಡಪ್ಪಾ. ಮಾತು ಹಚ್ಚು. ಇಬ್ಬರು ಹೆಣ್ಣಮಕ್ಕಳು ಜಗಳ ಆಡೋದು ಹಚ್ಚು.'

'ಅದಕ್ಕ ಸ್ಪೀಕರ್ ಯಾಕ ಬೇಕ್ರಿ ಅಮ್ಮಾ? ನಮ್ಮ ಮನಿಗೇ ಬರ್ರಿ!'

ಅತ್ತೆ ನಕ್ಕಳು. ಸಲೀಂ ಭಾಯಿ ತಮ್ಮ ಮೊಬೈಲಿನಲ್ಲಿ ಸೀರಿಯಲ್ಲೊಂದರ ಜಗಳ ಹುಡುಕಿ, ಅದನ್ನೇ ಒಂದೊಂದು ಡಬ್ಬಿಗೂ ಹಚ್ಚುತ್ತ ಹೋದರು. ಇನ್ನೊಂದು ಕಂಪನಿಯ ಸೌಂಡ್‌ಬಾರಿಗೆ ಅತ್ತೆ, 'ಇದರಾಗ ಎಲ್ಲಾರೂ ಮಂತ್ರಿ ಭಾಷಣ ಮಾಡಿದಂಗ ಮಾಡ್ತಾರ' ಎಂದಳು. ಆಳೆತ್ತರದ ಸ್ಪೀಕರ್ ಜೋಡಿಗೆ, 'ಇವರಿಗೆಲ್ಲಾ ನೆಗಡಿ ಬಂದದೇನು?' ಎಂದಳು. ಸಲೀಂ ಭಾಯಿಗೆ ಛಲ ಹುಟ್ಟಿತು. ಪೆಟ್ಟಿಗೆಗಳ ಹಿಂದಿನಿಂದ, ಯಾರೂ ಒಯ್ಯದೆ ಉಳಿದಿದ್ದ ಕಟ್ಟಿಗೆಯ ಎರಡು ಪುಟ್ಟ ಸ್ಪೀಕರುಗಳನ್ನು ತೆಗೆದು ಧೂಳು ಊದಿ ಹಚ್ಚಿದರು. ಅವುಗಳಲ್ಲಿ ಗುಡುಗಿಲ್ಲ, ಸುತ್ತುವರಿಯುವ ಸದ್ದಿಲ್ಲ, ಬಣ್ಣದ ದೀಪವಿಲ್ಲ. ಇಬ್ಬರು ಹೆಂಗಸರು ನಮ್ಮೆದುರು ನಿಂತು ಮಾತಾಡಿದಂತಿತ್ತು.

ಅತ್ತೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು, ತರಗತಿಯಲ್ಲಿ ಎತ್ತುತ್ತಿದ್ದ ಕೈ ಅದೇ ಇರಬೇಕು. 'ಹಾಂ. ಇದರಾಗ ಅಕಿ ಸುಳ್ಳ ಹೇಳಾಕತ್ತಾಳ.'

'ಯಾರ್ರಿ ಅಮ್ಮಾ?'

'ದೊಡ್ಡ ಸೊಸಿ. ಮಾತಿಗೆ ಮೊದಲ ಒಂದು ಉಸಿರು ತಗೋತಾಳ ನೋಡು. ಆ ದೊಡ್ಡ ಡಬ್ಬ್ಯಾಗ ಉಸಿರು ಕೇಳಿಸಂಗಿಲ್ಲ, ಎಲ್ಲಾರೂ ಖರೆ ಹೇಳಿದಂಗೇ ಅನಿಸ್ತದ.' ಆಮೇಲೆ ಮಹಾನಂದಾ ನಿಂತಿದ್ದ ಕಡೆಗೆ ಸರಿಯಾಗಿ ಮುಖ ತಿರುಗಿಸಿ, 'ಇಕಿನೂ ಹಂಗೇ ಉಸಿರು ತಗೊಂಡಿದ್ಳು, ಕರೆಂಟ್ ಹೋಗ್ಯಾದ ಅಂದಾಗ. ಅಡಗಿಮನ್ಯಾಗ ಫ್ರಿಜ್ ಗುಂಯ್ ಅನ್ನಾಕತ್ತಿತ್ತು' ಎಂದಳು.

ಮಹಾನಂದಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಂದರೆ ಕಣ್ಣಿನ ಸಂಗತಿ ನಮಗೆ ಗೊತ್ತು ಎಂಬುದು ಮೂರು ವಾರದಿಂದ ಅತ್ತೆಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ. ಈಗಲಾದರೂ ಕಣ್ಣಿನ ಮಾತು ಬರುತ್ತದೆಂದು ಕಾದೆ. ಅವಳು ಹೇಳಿದ್ದು ಸೊಸೆಯ ಉಸಿರಿನ ಬಗ್ಗೆ, ಫ್ರಿಜ್ಜಿನ ಬಗ್ಗೆ. ತನ್ನ ಬಗ್ಗೆ ಒಂದಕ್ಷರವಿಲ್ಲ. ಸ್ಟೇಷನ್ನಿಗೆ ನಡೆಯುವಾಗ, ಸ್ಪೀಕರುಗಳಿದ್ದ ಚೀಲದ ಒಂದು ಹಿಡಿಕೆಯನ್ನು ತಾನು ಹಿಡಿದುಕೊಂಡಳು. ನೋಡಿದವರು ಭಾರ ಹಂಚಿಕೊಂಡಿದ್ದಾಳೆ ಎನ್ನಬೇಕು, ಹಾಗೆ. ಅದು ಬೆಳಕು ಚೆನ್ನಾಗಿರುವ ಸಂಜೆಯಾಗಿತ್ತು, ರಸ್ತೆಯೂ ಅಷ್ಟೇನೂ ಕೆಟ್ಟಿರಲಿಲ್ಲ. ಆದರೂ ನಾನು ಒಂದೊಂದು ತಗ್ಗಿನ ಮುಂದೆಯೂ ಚೀಲವನ್ನು ತುಸು ಮೇಲಕ್ಕೆತ್ತಿದೆ, ಅವಳ ಹೆಜ್ಜೆಯೂ ಎದ್ದಿತು.

ಮರುದಿನ ಸಂಜೆ ಎರಡೂ ಸ್ಪೀಕರುಗಳನ್ನು ಟಿವಿಯ ಅಕ್ಕಪಕ್ಕ ಇಟ್ಟು, ಹೆಸರುಕಾಳಿನ ತೂತಿಗೆ ತಂತಿ ಸಿಕ್ಕಿಸಿದೆ. ಕುರ್ಚಿಯ ಮೇಲಿನ ಬಟ್ಟೆಗಳನ್ನು ಮಹಾನಂದಾ ಎತ್ತಿಟ್ಟಳು, ಶರಣಮ್ಮತ್ತೆ ಬಂದು ಕೂತಳು. ನನ್ನದೊಂದು ಕೆಟ್ಟ ಚಾಳಿ ಆ ಹೊತ್ತಿಗೆ ಶುರುವಾಗಿತ್ತು, ಪರದೆಯ ಮೇಲೆ ಕಂಡದ್ದನ್ನೆಲ್ಲ ಉದ್ಗಾರದ ವೇಷದಲ್ಲಿ ಅವಳಿಗೆ ಮುಟ್ಟಿಸುವುದು. 'ಓಹೋ, ಕಾರಿನಿಂದ ಇಳಿದೇಬಿಟ್ಟನಲ್ಲ!' ಎಂದೆ.

'ಸುಮ್ಮ ಕುಂದರೋ. ಬಾಗಿಲ ತಗದ ಸಪ್ಪಳ ನನಗೂ ಕೇಳಿಸ್ಯಾದ.'

ಸುಮ್ಮನೆ ಕೂತೆ. ಕಥೆಯಲ್ಲಿ ಯಾರದೋ ನಿಶ್ಚಿತಾರ್ಥ. ಹೆಂಗಸರೆಲ್ಲ ಸೇರಿ ಮದುಮಗಳ ಸೀರೆಯನ್ನು ಹೊಗಳಿದರು, ಎಂಥ ಸೀರೆ ಎಂಥ ಸೀರೆ ಎಂದರು, ಯಾರೊಬ್ಬರೂ ಅದರ ಬಣ್ಣ ಹೇಳಲಿಲ್ಲ. ಶರಣಮ್ಮತ್ತೆ ಕುರ್ಚಿಯ ಕೈಯನ್ನು ಬೆರಳಿನಿಂದ ಒಂದೆರಡು ಸಲ ಬಡಿದು, ಟಿವಿಯ ಕಡೆಗಿದ್ದ ಮುಖವನ್ನು ತಿರುಗಿಸದೆ ಕೇಳಿದಳು:

'ಅಕಿ ಸೀರಿ ಯಾವ ಬಣ್ಣದ್ದು ಅದ?'

'ಹಸರು,' ಎಂದೆ.

'ಎಂಥಾ ಹಸರು?'

'ಹಸರು ಅಂದ್ರ... ಹಸರು.'

'ಸರೀರಿ ಆಚೆ,' ಎಂದು ಮಹಾನಂದಾ ನನ್ನನ್ನು ಮಾತಿನಿಂದಲೇ ಪಕ್ಕಕ್ಕೆ ತಳ್ಳಿದಳು. 'ಎಳೀ ತೊಗರಿಕಾಯಿ ಇರ್ತಾವಲ್ರಿ ಅತ್ತಿ, ಕಾಳು ತುಂಬೋಕಿಂತ ಮೊದಲ, ಆ ಹಸರು. ಅಂಚು ಒಣಗಿದ ಕುಸುಬಿ ಹೂವಿಂದು.'

'ಹಾಂ, ಈಗ ಕಾಣಿಸ್ತು,' ಎಂದಳು ಅತ್ತೆ. 'ಇಂವಗ ಸಾಲ್ಯಾಗ ಇದ್ದಾಗಿಂದ ಬಣ್ಣ ಬರಂಗಿಲ್ಲ. ಆನೀಗೆ ಹಸರು ಹಚ್ಚಿದ್ದ.'

ಅಷ್ಟರಲ್ಲಿ ಜಾಹೀರಾತು ಬಂತು. ನಾನು ಧ್ವನಿ ತಗ್ಗಿಸಿದೆ. ಸಾಬೂನಿನದು, ಗೊಬ್ಬರದ್ದು, ಇನ್ನೊಂದು ಸಾಬೂನಿನದು ಮುಗಿಯಿತು.

'ಆ ಕಲಬುರ್ಗಿ ದವಾಖಾನಿ ಅಂತಿದ್ದೆಲ್ಲ,' ಎಂದಳು ಅತ್ತೆ, 'ನಾಳಿ ತೆರದಿರ್ತದೇನು?'

'ತೆರದಿರ್ತದ ಅತ್ತಿ. ಮುಂಜಾನಿ ಗಾಡೀಗೆ ಹೋಗೂಣು.'

'ಹೋಗೂಣು. ಖಿಡಕಿ ಕಡೆ ನಾ ಕುಂದ್ರತೀನಿ.'

ಆ ಗಾಡಿ ವಾಡಿಗೆ ಬರುವಷ್ಟರಲ್ಲಿ ಕಿಟಕಿಯ ಸೀಟುಗಳೆಲ್ಲ ತುಂಬಿಹೋಗಿರುತ್ತವೆ. ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆ, ಎಷ್ಟು ಮೊದಲು ಹೋಗಿ ನಿಂತರೆ ಒಂದಾದರೂ ಸಿಕ್ಕೀತು, ಸಿಗದಿದ್ದರೆ ಕೂತವರನ್ನು ಏನೆಂದು ಕೇಳುವುದು ಎಂಬ ಚಿಂತೆ ನನಗೆ ಆಗಲೇ ಹತ್ತಿಕೊಂಡಿತು. ಅತ್ತೆ ಧ್ವನಿ ಏರಿಸು ಎಂದಳು, ಏರಿಸಿದೆ.