ಗೌರಿಯ ಹಾಲು

ಮಲ್ಲೇಶ್ವರಂನಲ್ಲಿ ಸೊಪ್ಪು ಮಾರುವ ಮುತ್ಯಾಲಮ್ಮ ಒಂದು ಕಾಲಕ್ಕೆ ತಮ್ಮ ಹಸು ಗೌರಿಯನ್ನು ಮನೆಮನೆಯ ಬಾಗಿಲಿಗೆ ಹೊಡೆದುಕೊಂಡು ಹೋಗಿ, ಎಲ್ಲರ ಎದುರಿಗೇ ಹಾಲು ಕರೆದು ಕೊಡುತ್ತಿದ್ದವರು.

ಹೋದ ತಿಂಗಳು ನೆಂಟರ ಕೊಟ್ಟಿಗೆಯಲ್ಲಿ ಹಸು ಕಂಡಿದ್ದೇ ತಡ, ಅದರ ಮೈಯಿಂದ ರಕ್ತ ಹೀರುವ ಉಣ್ಣೆಗಳನ್ನು ಕೀಳಲು ಕೂತರು. ಒಂದು ಇವರನ್ನೇ ಕಚ್ಚಿತು. ತೋಳಿನ ಮೇಲೆ ಬಳೆಯಂತೆ ದುಂಡಗೆ ಕೆಂಪು ಗುರುತೆದ್ದು ಜ್ವರ ಬಂತು. ಡಾಕ್ಟರು ಉಣ್ಣೆ ಕಚ್ಚಿ ಬರುವ ಲೈಮ್ ಕಾಯಿಲೆ ಎಂದು ಮಾತ್ರೆ ಬರೆದರು. ವಾರವಾದರೂ ಗುಣವಾಗದೆ ಮತ್ತೆ ಡಾಕ್ಟರ ಬಳಿ ಹೋದಾಗ ಅವರು ಕೇಳಿದರು.

"ಮಾತ್ರೆ ಯಾವುದ್ರಲ್ಲಿ ತಗೋತಿದೀರಮ್ಮಾ?"

"ಹಾಲಲ್ಲಿ."

"ಹಾಲಲ್ಲಿ ತಗೊಂಡ್ರೆ ಈ ಮಾತ್ರೆ ಮೈಗೆ ಹತ್ತಲ್ಲ. ನೀರಲ್ಲಿ ತಗೊಳ್ಳಿ."

ಮುತ್ಯಾಲಮ್ಮನಿಗೆ ರೇಗಿತು. "ಜನ್ಮದಲ್ಲಿ ಹಾಲಿಗೆ ಒಂದು ತೊಟ್ಟು ನೀರು ಹಾಕ್ದೋಳಲ್ಲ ನಾನು. ಈಗ ಹಾಲು ಬಿಟ್ಟು ನೀರೇ ಕುಡಿ ಅಂತೀರಲ್ಲ ಸ್ವಾಮಿ!"

ಅಂದಿನಿಂದ ನೀರಿನಲ್ಲೇ ನುಂಗುತ್ತಾರೆ. ಕಣ್ಣು ಮುಚ್ಚಿಕೊಂಡು, ಗೌರಿಯ ಹಾಲೆಂದುಕೊಂಡು.