ಅಫಾಂಡೆಯ ಕೊನೆಯ ಕೈದಿ

ನಕುರು ಊರಿನ ಮಕೋಖಾ ಎಂಬವನು ಜೈಲಿನ ಕಾವಲು ಕೆಲಸದಿಂದ ನಿವೃತ್ತನಾಗಿ ವರ್ಷಗಳಾದರೂ ಹೆಸರು ಹಿಡಿದು ಕರೆದರೆ ಓಗೊಡುತ್ತಿರಲಿಲ್ಲ. ಜೈಲಿನಲ್ಲಿ ಸಾಹೇಬರನ್ನು ಕರೆಯುವ ‘ಅಫಾಂಡೆ’ಯೇ ಬೇಕು, ಹೆಂಡತಿಯ ಬಾಯಲ್ಲೂ. ಇಂಥವನು ಅನಾಥ ಪ್ರಾಣಿಗಳ ಆಶ್ರಯದಿಂದ ಒಂದು ಬೆಕ್ಕು ತಂದ.

“ಹೆದರಿದೆ. ದಿಟ್ಟಿಸಿ ನೋಡ್ಬೇಡಿ, ತಾನಾಗೇ ಬರ್ಲಿ,” ಎಂದಿದ್ದಳು ಅಲ್ಲಿಯ ಹೆಂಗಸು.

“ಎಂತೆಂಥ ಕಳ್ಳರ ಬುದ್ಧಿ ಅಳೆದೋನು ನಾನು. ಇದ್ಯಾವ ಲೆಕ್ಕ!” ಎಂದಿದ್ದ ಅಫಾಂಡೆ.

ಬೆಕ್ಕು ಬಂದದ್ದೇ ಸೋಫಾದಡಿ ಸೇರಿಕೊಂಡಿತು. ಬೆಳಗಾದರೆ ಇವನು ಬೂಟು ತೊಟ್ಟು, ಕೆಳಗೆ ಟಾರ್ಚು ಬಿಟ್ಟು, “ಹೊರಗೆ ಬಾ, ಹಾಜರಿ!” ಎಂದು ಗದರುವನು. ಅದು ಬುಸ್ ಎನ್ನುವುದು. “ಮೊಂಡು ಕೈದಿ!” ಎಂದು ತೀರ್ಪು ಕೊಟ್ಟು ಚಹಾ ಕುಡಿಯಲು ಹೋಗುವನು.

ವಾರ ಕಳೆಯಿತು. ಒಂದು ಮಧ್ಯಾಹ್ನ ಅವನು ಒಳಗೆ ಬಂದಾಗ ಹೆಂಡತಿ ನಾಂಜಾಲಾ ಸೋಫಾಕ್ಕೆ ಬೆನ್ನು ಹಾಕಿ ಕೂತು ಒಣಮೀನು ಹಸನು ಮಾಡುತ್ತಿದ್ದಳು. ಬೆಕ್ಕು ಅವಳ ಪಾದದ ಮೇಲೆ ತಲೆಯಿಟ್ಟು ಗೊರಗೊರ ಎನ್ನುತ್ತಿತ್ತು.

“ಇದರ ಸ್ವಭಾವ ನಿಂಗೆ ಹೇಗೇ ಗೊತ್ತಾಯ್ತು?”

“ಅದರಲ್ಲೇನಿದೆ, ಅಫಾಂಡೆ? ಮುಖ ನೋಡಬಾರ್ದು, ಎದುರು ಮಾತಾಡಬಾರ್ದು, ಬುಸ್ ಅಂದ್ರೆ ತಟ್ಟೆ ಇಟ್ಟು ಸುಮ್ನೆ ಎದ್ದು ಹೋಗ್ಬೇಕು. ಮದುವೆಯಾದಾಗಿಂದ ಅದನ್ನೇ ತಾನೇ ಮಾಡ್ತಿರೋದು?” ಅವಳು ಬೆಕ್ಕಿನ ತಲೆ ಸವರಿದಳು. “ಒಂದೇ ವ್ಯತ್ಯಾಸ. ಇದು ವಾರದಲ್ಲೇ ಪಳಗ್ತು.”